ಎಣಿಸುವುದು ಯಾವ ತಿಂಗಳಲ್ಲಿ? ಮಕ್ಕಳ ಕ್ಷೇಮದ ಅಧ್ಯಯನ ಕುರಿತು ಒಂದು ಟಿಪ್ಪಣಿ

ಪರಿಮಾಣಾತ್ಮಕ ವಿಧಾನ ‘ಎಷ್ಟು ಮಕ್ಕಳು’ ಎಂದು ಕೇಳುತ್ತದೆ, ಗುಣಾತ್ಮಕ ವಿಧಾನ ‘ಹೇಗೆ, ಏಕೆ’ ಎಂದು ಕೇಳುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಇವೆರಡಕ್ಕೂ ಮುಂಚೆ ಇತ್ಯರ್ಥವಾಗಬೇಕಾದ ಪ್ರಶ್ನೆ ಇನ್ನೊಂದಿದೆ: ಕೇಳುವುದು ಯಾವ ತಿಂಗಳಲ್ಲಿ?

2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಮಗು ಶಾಲೆಗೆ ಹೋಗುತ್ತಿದೆಯೇ ಎಂಬುದನ್ನೂ ಆಗಲೇ ಬರೆದುಕೊಂಡರು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲಿ ಎಲೆ ಮುರಿದು, ಕೋಲಿಗೆ ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್‌ಗೆ ಏರಿಸುವ ಭರಾಟೆ ಮಳೆಗಾಲದ್ದು. ಫೆಬ್ರುವರಿಯಲ್ಲಿ ಬ್ಯಾರನ್ ತಣ್ಣಗಿರುತ್ತದೆ. ಆಗಸ್ಟಿನಲ್ಲಿ ಶಾಲೆ ತಪ್ಪಿಸಿದ ಮಗುವೂ ಆಗ ಹಾಜರಿ. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಬುಡಕಟ್ಟು ಹಾಡಿಗಳಲ್ಲಿ ಲೆಕ್ಕ ತಿರುವುಮುರುವು. ಜೇನುಕುರುಬ, ಯರವ ಕುಟುಂಬಗಳು ಕೊಡಗಿನ ತೋಟಗಳಿಗೆ ಕಾಫಿ ಕೊಯ್ಲಿಗೆ ಹೊರಡುವುದೇ ಚಳಿಗಾಲದಲ್ಲಿ. ಕಾವೇರಿ ನಾಲೆಯ ನೀರುಂಡ ಕೆ.ಆರ್. ನಗರದ ಭತ್ತದ ಬಯಲಿಗೆ ಮತ್ತೊಂದೇ ಲೆಕ್ಕ. ಒಂದೇ ತಿಂಗಳ ಅಂಕಿಗಳಿಂದ ನಾಲ್ಕನ್ನೂ ಹೋಲಿಸಿದರೆ ಬೆಳೆಗಳ ವ್ಯತ್ಯಾಸವನ್ನೇ ಮಕ್ಕಳ ವ್ಯತ್ಯಾಸವೆಂದು ಓದಿಬಿಡುವ ಅಪಾಯವಿದೆ.

ಪ್ರಶ್ನೆಯ ಮಾತೂ ಅಷ್ಟೇ ಸೂಕ್ಷ್ಮ. ‘ಮಗ ಕೆಲಸಕ್ಕೆ ಹೋಗ್ತಾನಾ?’ ಎಂದರೆ ರೈತನ ಮನೆಯಲ್ಲಿ ‘ಇಲ್ಲ’ ಎನ್ನುವುದು ಸಹಜ. ‘ಕೆಲಸಕ್ಕೆ ಹೋಗುವುದು’ ಎಂದರೆ ಕೂಲಿಗೆ ಹೋಗುವುದು. ‘ಬೆಳಿಗ್ಗೆ ಸೊಪ್ಪು ಕಟ್ಟುವಾಗ ಎಲೆ ಜೋಡಿಸಿ ಕೊಡೋರು ಯಾರು?’ ಎಂದು ಕೇಳಿದರೆ ಅದೇ ಮಗನ ಹೆಸರು ಬರಬಹುದು. ವಯಸ್ಸಿನ ಕಾಲಂನಲ್ಲೂ ತೊಡಕಿದೆ. ಜನನ ನೋಂದಣಿ ಇಲ್ಲದ ಮಕ್ಕಳಿಗೆ ಶಾಲೆ ಸೇರಿಸುವಾಗ ಜೂನ್ 1 ಎಂದು ಬರೆಸುವ ರೂಢಿ ಹಳೆಯದು. ದಾಖಲೆಯ ಆ ತಾರೀಕನ್ನೇ ನಂಬಿ ‘ಹದಿನಾಲ್ಕರೊಳಗೆ’ ಎಂದು ಗೆರೆ ಎಳೆದರೆ ಗೆರೆಯ ಎರಡೂ ಬದಿಗೆ ತಪ್ಪು ಮಕ್ಕಳು ಬೀಳುತ್ತಾರೆ.

ಹಾಗೆಂದು ಬರೀ ಮಾತುಕತೆ ಸಾಲದು. ಒಂದು ಹಾಡಿಯ ಹತ್ತು ಮನೆಗಳ ಜಗಲಿಯಲ್ಲಿ ಕೂತು ಕೇಳಿದ್ದು ತಾಲ್ಲೂಕಿನ ಪ್ರಮಾಣವನ್ನು ಹೇಳಲಾರದು. ಮಕ್ಕಳ ದುಡಿಮೆ ತಗ್ಗಿತೋ ಹೆಚ್ಚಿತೋ ಎಂಬುದನ್ನಂತೂ ಹೇಳಲಾರದು. ಅದಕ್ಕೆ ಅಂಕಿಯೇ ಬೇಕು. ಅಲ್ಲೂ ಎಚ್ಚರ ಅಗತ್ಯ: 2011ರ ಎಚ್.ಡಿ. ಕೋಟೆಯಲ್ಲಿ ಸರಗೂರು, ಕೆ.ಆರ್. ನಗರದಲ್ಲಿ ಸಾಲಿಗ್ರಾಮ ಸೇರಿದ್ದವು. ಈಗ ಅವೆರಡೂ ಬೇರೆ ತಾಲ್ಲೂಕುಗಳು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಊರಿನವರೊಡನೆ ಕೂತು ವರ್ಷದ ಕೆಲಸದ ಪಟ್ಟಿ ಮಾಡಿಕೊಳ್ಳುವುದು. ಅವರ ಮಾತಿನಲ್ಲೇ ಪ್ರಶ್ನಾವಳಿ ಬರೆಯುವುದು. ಶಾಲೆಯ ಹಾಜರಿ ಪುಸ್ತಕವನ್ನು ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳುವಾರು ನೋಡುವುದು. ಪುಸ್ತಕಕ್ಕೂ ಮನೆಯವರ ಉತ್ತರಕ್ಕೂ ತಾಳೆಯಾಗದ ಕಡೆ ಮತ್ತೆ ಹೋಗಿ ಕೇಳುವುದು. ಇಷ್ಟು ಮಾಡಲು ಕಾಲ, ಹಣ ಇಲ್ಲದವರು ಕಡೇಪಕ್ಷ ಒಂದನ್ನು ಮಾಡಲಿ: ಪ್ರತಿ ಕೋಷ್ಟಕದ ತಲೆಬರಹದಲ್ಲಿ ತಾಲ್ಲೂಕಿನ ಹೆಸರಿನ ಪಕ್ಕ ಎಣಿಸಿದ ತಿಂಗಳನ್ನೂ ಬರೆಯಲಿ.