ತಡೆಯ ಮುಂದೆ ಇಬ್ಬರು: ಶೋ ಜಂಪಿಂಗ್ ಬೆಳೆದು ಬಂದ ಬಗೆ

2024ರ ಆಗಸ್ಟ್ 6ರಂದು ಪ್ಯಾರಿಸ್ ಬಳಿಯ ವರ್ಸೇಲ್ಸ್ ಅರಮನೆಯ ಆವರಣದಲ್ಲಿ ಒಲಿಂಪಿಕ್ಸ್‌ನ ವೈಯಕ್ತಿಕ ಶೋ ಜಂಪಿಂಗ್ ಫೈನಲ್ ನಡೆಯಿತು. ಕಣಕ್ಕಿಳಿದ ಮೂವತ್ತು ಕುದುರೆ-ಸವಾರ ಜೋಡಿಗಳಲ್ಲಿ ತಡೆಯ ಒಂದು ಪೋಲ್ ಕೂಡ ಬೀಳಿಸದೆ, ಕೊಟ್ಟ ಸಮಯವನ್ನೂ ಮೀರದೆ ಸುತ್ತು ಮುಗಿಸಿದ್ದು ಮೂರು ಜೋಡಿ ಮಾತ್ರ. ಪದಕಗಳ ಬಣ್ಣ ತೀರ್ಮಾನಿಸಲು ಆ ಮೂವರ ನಡುವೆ ಇನ್ನೊಂದು ಚಿಕ್ಕ ಸುತ್ತು, ಅಂದರೆ ಜಂಪ್ ಆಫ್. ಸ್ವಿಟ್ಜರ್ಲೆಂಡಿನ ಸ್ಟೀವ್ ಗೆರ್ಡಾ ಒಂದು ಪೋಲ್ ಬೀಳಿಸಿದರು, ನೆದರ್ಲೆಂಡ್ಸ್‌ನ ಮೈಕೆಲ್ ಫಾನ್ ಡೆರ್ ವ್ಲೂಟೆನ್ ಒಂದು ಬೀಳಿಸಿದರು. ಬೂದು ಬಣ್ಣದ ಚೆಕರ್ 47 ಒಂದನ್ನೂ ಬೀಳಿಸಲಿಲ್ಲ. ಅದರ ಸವಾರ, ಜರ್ಮನಿಯ ಕ್ರಿಸ್ಟಿಯಾನ್ ಕೂಕುಕ್‌ಗೆ ಚಿನ್ನ ಒಲಿಯಿತು. ಆಗಿನ ವಿಶ್ವ ಚಾಂಪಿಯನ್ ಹೆನ್ರಿಕ್ ಫೋನ್ ಎಕರ್ಮನ್ ಅದೇ ದಿನ ಕುದುರೆಯಿಂದ ಬಿದ್ದು ಸ್ಪರ್ಧೆಯಿಂದ ಹೊರನಡೆದಿದ್ದರು.

ಟಿವಿಯಲ್ಲಿ ಇದನ್ನು ಮೊದಲ ಬಾರಿ ನೋಡುವವರ ಕಣ್ಣು ಪೋಲ್‌ಗಳ ಮೇಲೇ ನೆಟ್ಟಿರುತ್ತದೆ. ಬಿತ್ತೋ ಇಲ್ಲವೋ ಎಂಬುದೇ ಆಗ ಮುಖ್ಯ. ನಾಲ್ಕಾರು ಸ್ಪರ್ಧೆ ನೋಡಿದ ಮೇಲೆ ಕಣ್ಣು ತಾನಾಗಿ ತಡೆಗಳ ನಡುವಿನ ಜಾಗಕ್ಕೆ ಸರಿಯುತ್ತದೆ. ಕುದುರೆಯ ಕಿವಿ ಎತ್ತ ತಿರುಗಿದೆ, ಸವಾರನ ಕೈ ಅದರ ಬಾಯಿಗೆ ಎಷ್ಟು ಸಡಿಲ ಕೊಟ್ಟಿದೆ, ತಿರುವಿನಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಿದ್ದಾರೆಯೇ ಎಂಬುದರ ಮೇಲೆ ಗಮನ ಹೋಗುತ್ತದೆ. ಆಟ ಇರುವುದು ಅಲ್ಲೇ. ಒಂದೂವರೆ ಶತಮಾನದ ಶೋ ಜಂಪಿಂಗ್ ಇತಿಹಾಸವನ್ನು ಒಟ್ಟಾಗಿ ನೋಡಿದರೆ, ಮನುಷ್ಯ ಕುದುರೆಗೆ ಅಡ್ಡ ಬರುವುದನ್ನು ಹಂತಹಂತವಾಗಿ ಬಿಟ್ಟು, ಅದರ ಒಪ್ಪಿಗೆಗೆ ಕಿವಿಗೊಡಲು ಕಲಿಯುತ್ತಾ ಬಂದದ್ದು ಎದ್ದು ಕಾಣುತ್ತದೆ. ಆ ಕಲಿಕೆ ಇನ್ನೂ ಮುಗಿದಿಲ್ಲ.

ಬೇಲಿ ಹುಟ್ಟಿಸಿದ ಆಟ

ಕುದುರೆ ಹುಟ್ಟಾ ನೆಗೆಯುವ ಪ್ರಾಣಿಯಲ್ಲ. ಸುತ್ತಿ ಹೋಗಲು ದಾರಿಯಿದ್ದರೆ ಸುತ್ತಿಯೇ ಹೋಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಯಲು ಭೂಮಿಗೆ ಕಾನೂನಿನ ಬಲದಲ್ಲಿ ಬೇಲಿಗಳು ಬಿದ್ದವು. ನರಿ ಬೇಟೆಯ ಸವಾರರಿಗೆ ಆಗ ಬೇಲಿ ಹಾರುವ ಕುದುರೆಗಳು ಬೇಕಾದವು. 1868ರಲ್ಲಿ ರಾಯಲ್ ಡಬ್ಲಿನ್ ಸೊಸೈಟಿ ತನ್ನ ಕುದುರೆ ಪ್ರದರ್ಶನದಲ್ಲಿ ಎತ್ತರ ಜಿಗಿತ, ಅಗಲ ಜಿಗಿತಗಳನ್ನು ಏರ್ಪಡಿಸಿತು. ಬೇಟೆಗೆ ಯಾವ ಕುದುರೆ ಲಾಯಕ್ಕು ಎಂದು ತಿಳಿಯುವುದೇ ಅದರ ಉದ್ದೇಶವಾಗಿತ್ತು.

1900ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬಂದಾಗಲೂ ಲೆಕ್ಕವೆಲ್ಲ ಬಲದ್ದೇ. ಕುದುರೆಗಳ ಎತ್ತರ ಜಿಗಿತದಲ್ಲಿ 1.85 ಮೀಟರ್ ದಾಟಿದ ಇಬ್ಬರು ಚಿನ್ನ ಹಂಚಿಕೊಂಡರು. ಉದ್ದ ಜಿಗಿತದ ವಿಜೇತ ಕುದುರೆ ಎಕ್ಸ್‌ಟ್ರಾ ಡ್ರೈ 6.10 ಮೀಟರ್ ನೆಗೆಯಿತು. ಈ ಎರಡೂ ಸ್ಪರ್ಧೆಗಳು ಒಲಿಂಪಿಕ್ಸ್‌ನಲ್ಲಿ ಮುಂದುವರಿಯಲಿಲ್ಲ. ಎತ್ತರದ ದಾಖಲೆ ಒಲಿಂಪಿಕ್ಸ್‌ನ ಹೊರಗೆ ಬೆಳೆದು ಒಂದು ಕಡೆ ನಿಂತುಬಿಟ್ಟಿತು. 1949ರ ಫೆಬ್ರುವರಿ 5ರಂದು ಚಿಲಿಯ ಕ್ಯಾಪ್ಟನ್ ಆಲ್ಬರ್ಟೊ ಲಾರಾಗಿಬೆಲ್ ತಮ್ಮ ಹುವಾಸೊ ಕುದುರೆಯ ಮೇಲೆ ಮೂರನೆಯ ಯತ್ನದಲ್ಲಿ 2.47 ಮೀಟರ್ ದಾಟಿದರು. ಅದನ್ನು ಇವತ್ತಿನವರೆಗೂ ಯಾರೂ ಮುರಿದಿಲ್ಲ. ಕ್ರೀಡೆ ಆ ಹೊತ್ತಿಗೆ ಬೇರೆ ದಾರಿ ಹಿಡಿದಿತ್ತು: ತೀರಾ ಎತ್ತರದ ಒಂದೇ ನೆಗೆತದ ಬದಲು ಹತ್ತು ಹನ್ನೆರಡು ಬಗೆಬಗೆಯ ತಡೆಗಳು, ತಿರುವುಗಳು, ಮಿತಿಯೊಳಗಿನ ಸಮಯ.

ಕಾಪ್ರಿಲ್ಲಿ ತಂದ ತಿರುವು

ದಾರಿ ತಿರುಗಿಸಿದವರು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ. ಅವರ ಕಾಲದ ಸವಾರರು ಉದ್ದನೆಯ ರಿಕಾಪಿನಲ್ಲಿ ಕಾಲು ಮುಂದೆ ಚಾಚಿ, ಬೆನ್ನನ್ನು ಹಿಂದಕ್ಕೆ ವಾಲಿಸಿ, ಲಗಾಮು ಬಿಗಿಹಿಡಿದು ತಡೆ ಹಾರಿಸುತ್ತಿದ್ದರು. ಇಳಿಯುವಾಗ ಕುದುರೆಯ ಮುಂಗಾಲಿಗೆ ಪೆಟ್ಟಾಗದು ಎಂಬುದು ಅವರ ನಂಬಿಕೆ. ಸವಾರನಿಲ್ಲದ ಕುದುರೆ ತಾನಾಗಿ ನೆಗೆಯುವಾಗ ಏನು ಮಾಡುತ್ತದೆ ಎಂದು ಕಾಪ್ರಿಲ್ಲಿ ಗಮನವಿಟ್ಟು ನೋಡಿದರು. ಅದು ಕತ್ತನ್ನು ಮುಂದಕ್ಕೆ ಚಾಚಿ, ಬೆನ್ನನ್ನು ಕಮಾನಿನಂತೆ ಬಗ್ಗಿಸಿ, ಮುಂಗಾಲ ಮೇಲೇ ಇಳಿಯುತ್ತಿತ್ತು. ಹಿಂದಕ್ಕೆ ವಾಲಿದ ಸವಾರ ಅದರ ಸೊಂಟದ ಮೇಲೆ ಭಾರ ಹಾಕಿ, ಬಾಯನ್ನು ಕಡಿವಾಣದಿಂದ ಜಗ್ಗಿ, ಅದು ತಾನಾಗಿ ಮಾಡಬಲ್ಲದ್ದನ್ನೇ ತಡೆಯುತ್ತಿದ್ದ.

ಕಾಪ್ರಿಲ್ಲಿ ರಿಕಾಪನ್ನು ಗಿಡ್ಡ ಮಾಡಿದರು. ಸವಾರ ಜೀನಿನಿಂದ ತುಸು ಎದ್ದು ಮುಂದಕ್ಕೆ ಬಾಗಬೇಕು, ಕೈಗಳು ಕುದುರೆಯ ಕತ್ತು ಹೋದ ಕಡೆಗೆ ಹೋಗಬೇಕು ಎಂದು ಕಲಿಸಿದರು. 1902ರಲ್ಲಿ ಟ್ಯೂರಿನ್‌ನಲ್ಲಿ ಮೆಲೋಪೊ ಎಂಬ ಕುದುರೆಯ ಮೇಲೆ 2.08 ಮೀಟರ್ ದಾಟಿ ತೋರಿಸಿದರು. 1907ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಾಗ ಅವರಿಗೆ ನಲವತ್ತು ಕೂಡ ತುಂಬಿರಲಿಲ್ಲ. ಇಂದು ಜಗತ್ತಿನ ಯಾವ ಮೂಲೆಯ ಸವಾರಿ ಶಾಲೆಗೆ ಹೋದರೂ ನೆಗೆತದ ಪಾಠ ಕಾಪ್ರಿಲ್ಲಿಯ ಆಸನದಿಂದಲೇ ಶುರುವಾಗುತ್ತದೆ.

ದಂಡಿನಿಂದ ಜನರ ಕೈಗೆ

1912ರ ಸ್ಟಾಕ್‌ಹೋಮ್‌ನಿಂದ ಕುದುರೆ ಸವಾರಿ ಒಲಿಂಪಿಕ್ಸ್‌ನಲ್ಲಿ ನೆಲೆಯೂರಿತು. 1921ರಲ್ಲಿ ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟ (ಎಫ್‌ಇಐ) ಹುಟ್ಟಿತು. ಎರಡನೆಯ ಮಹಾಯುದ್ಧದವರೆಗೆ ಕಣ ಬಹುಪಾಲು ಸೇನಾಧಿಕಾರಿಗಳದ್ದೇ. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಉರಾನಸ್ ಮೇಲೆ ಚಿನ್ನ ಗೆದ್ದ ಜಪಾನಿನ ತಾಕೇಯಿಚಿ ನಿಶಿ 1945ರಲ್ಲಿ ಇವೊ ಜಿಮಾ ಕದನದಲ್ಲಿ ಮಡಿದರು. 1948ರಲ್ಲಿ ಲಂಡನ್‌ನಲ್ಲಿ ಗೆದ್ದ ಮೆಕ್ಸಿಕೊದ ಉಂಬೆರ್ತೊ ಮರಿಲೆಸ್ ಕೂಡ ಸೇನೆಯವರೇ.

ಸೇನೆಗಳು ಕುದುರೆ ಬಿಟ್ಟು ಯಂತ್ರ ಏರಿದಂತೆ ಕಣ ನಾಗರಿಕರಿಗೆ ತೆರೆಯಿತು. 1956ರಲ್ಲಿ ಬ್ರಿಟನ್ನಿನ ಪ್ಯಾಟ್ ಸ್ಮೈತ್ ತಂಡದ ಕಂಚು ತಂದು ಒಲಿಂಪಿಕ್ ಶೋ ಜಂಪಿಂಗ್‌ನಲ್ಲಿ ಪದಕ ಗೆದ್ದ ಮೊದಲ ಮಹಿಳೆಯಾದರು. 1968ರಲ್ಲಿ ಮೆಕ್ಸಿಕೊದಲ್ಲಿ ಮೇರಿಯನ್ ಕೋಕ್ಸ್ ಸ್ಟ್ರೋಲರ್ ಎಂಬ ಪೋನಿಯ ಮೇಲೆ, ಅದಕ್ಕಿಂತ ಎಷ್ಟೋ ಎತ್ತರದ ಕುದುರೆಗಳ ನಡುವೆ, ಬೆಳ್ಳಿ ಗೆದ್ದರು. ಗಂಡು ಹೆಣ್ಣು ಒಂದೇ ಪದಕಕ್ಕೆ ಸಮನಾಗಿ ಸೆಣಸುವ ಒಲಿಂಪಿಕ್ ಕ್ರೀಡೆಗಳು ತೀರಾ ವಿರಳ. ಕುದುರೆಯ ಮೇಲೆ ಕೂತಾಗ ತೋಳ್ಬಲಕ್ಕಿಂತ ಸಮತೋಲ ಮತ್ತು ಸಮಯಪ್ರಜ್ಞೆಗೆ ಬೆಲೆ ಹೆಚ್ಚು. ಆರುನೂರು ಕಿಲೋ ತೂಗುವ ಪ್ರಾಣಿಯನ್ನು ತೋಳಿನಿಂದ ಎತ್ತಿ ದಾಟಿಸುವುದು ಯಾರಿಂದಲೂ ಆಗದು.

ಗೆದ್ದವರು ಯಾರು?

ಜೋಡಿಯಲ್ಲಿ ಕುದುರೆಯ ಪಾಲೆಷ್ಟು ಎಂಬ ಪ್ರಶ್ನೆಗೆ ದೊಡ್ಡ ಸಾಕ್ಷಿ ಸಿಕ್ಕಿದ್ದು 1956ರಲ್ಲಿ. ಆ ವರ್ಷದ ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿ ನಡೆದರೂ, ಆಸ್ಟ್ರೇಲಿಯಾದ ಕ್ವಾರಂಟೈನ್ ನಿಯಮದಿಂದಾಗಿ ಕುದುರೆಗಳ ಸ್ಪರ್ಧೆ ಸ್ಟಾಕ್‌ಹೋಮ್‌ಗೆ ಹೋಯಿತು. ಮೊದಲ ಸುತ್ತಿನ ಕೊನೆಗೆ ಜರ್ಮನಿಯ ಹನ್ಸ್ ಗುಂಟರ್ ವಿಂಕ್ಲರ್ ಅವರ ಹೆಣ್ಣು ಕುದುರೆ ಹಾಲ್ಲಾ ಅಂದಾಜಿಗಿಂತ ಮೊದಲೇ ನೆಗೆಯಿತು. ಜೀನಿನ ಮೇಲೆ ಎತ್ತಿಹಾಕಿಸಿಕೊಂಡ ವಿಂಕ್ಲರ್‌ಗೆ ತೊಡೆಸಂದಿನ ಸ್ನಾಯು ಹರಿಯಿತು. ಅವರು ಹಿಂದೆ ಸರಿದರೆ ತಂಡವೇ ಹೊರಬೀಳುತ್ತಿತ್ತು. ಎರಡನೆಯ ಸುತ್ತಿನಲ್ಲಿ ಅವರು ಮಾಡಲಾದದ್ದು ಇಷ್ಟೇ: ಹಾಲ್ಲಾಳನ್ನು ಪ್ರತಿ ತಡೆಯ ಎದುರಿಗೆ ತರುವುದು, ನೋವು ತಾಳಿಕೊಂಡು ಮೇಲೆ ಕೂತಿರುವುದು. ಕಾಲಿನಿಂದ ಒತ್ತಿ ಸೂಚನೆ ಕೊಡುವ ಶಕ್ತಿಯೇ ಇರಲಿಲ್ಲ. ಒಂದು ಪೋಲ್ ಕೂಡ ಬೀಳಿಸದೆ ಹಾಲ್ಲಾ ಸುತ್ತು ಮುಗಿಸಿದಳು. ವೈಯಕ್ತಿಕ ಚಿನ್ನ, ತಂಡದ ಚಿನ್ನ ಎರಡೂ ಬಂದವು. 1960ರಲ್ಲಿ ಇನ್ನೊಂದು ತಂಡ ಚಿನ್ನ ಸೇರಿ ಒಲಿಂಪಿಕ್ ಶೋ ಜಂಪಿಂಗ್‌ನಲ್ಲಿ ಮೂರು ಚಿನ್ನ ಗೆದ್ದ ಕುದುರೆ ಎನಿಸಿದಳು.

ಇದಕ್ಕೆ ತದ್ವಿರುದ್ಧವಾದ ಪರೀಕ್ಷೆಯೊಂದು 1953ರಲ್ಲಿ ಶುರುವಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿತ್ತು. ಕೊನೆಯ ನಾಲ್ವರು ತಮ್ಮ ಕುದುರೆಯ ಜೊತೆಗೆ ಉಳಿದ ಮೂವರ ಕುದುರೆಗಳನ್ನೂ ಏರಿ ಅದೇ ತಡೆಗಳನ್ನು ದಾಟಬೇಕಿತ್ತು. 1986ರಲ್ಲಿ ಜರ್ಮನಿಯ ಆಖೆನ್‌ನಲ್ಲಿ ಕೆನಡಾದ ಗೇಲ್ ಗ್ರೀನೋ ನಾಲ್ಕೂ ಕುದುರೆಗಳ ಮೇಲೆ ಒಂದೂ ತಪ್ಪಿಲ್ಲದೆ ಮುಗಿಸಿ ಈ ಪಟ್ಟ ಗೆದ್ದ ಮೊದಲ ಮಹಿಳೆಯಾದರು. ಪರರ ಕುದುರೆಯನ್ನು ಕೆಲವೇ ನಿಮಿಷಗಳಲ್ಲಿ ಅರ್ಥ ಮಾಡಿಕೊಳ್ಳುವ ಆ ಕಲೆ ನೋಡುವವರಿಗೆ ಹಬ್ಬವೇ. ಆದರೆ ಕುದುರೆಗಳಿಗೆ ಅದು ಹೊರೆ. ಒಂದೇ ದಿನ ನಾಲ್ಕು ಸುತ್ತು, ನಾಲ್ಕು ಬೇರೆ ಬೇರೆ ಕೈ. 2014ರ ಕಾನ್ ಚಾಂಪಿಯನ್‌ಷಿಪ್ ನಂತರ ಆ ಪದ್ಧತಿಯನ್ನು ಕೈಬಿಟ್ಟದ್ದು ನನ್ನ ಮಟ್ಟಿಗೆ ಸರಿಯಾದ ನಿರ್ಧಾರ. ಈ ಕ್ರೀಡೆಯಲ್ಲಿ ಅಳೆಯಬೇಕಾದದ್ದು ವರ್ಷಗಟ್ಟಲೆ ಕಟ್ಟಿದ ಜೋಡಿಯನ್ನೇ.

ಹೆಜ್ಜೆಯ ಲೆಕ್ಕ

ತಡೆಗಳೂ ಈ ನಡುವೆ ಬದಲಾದವು. ಎತ್ತರ ಒಲಿಂಪಿಕ್ಸ್‌ನಲ್ಲೂ ಸುಮಾರು 1.60 ಮೀಟರ್‌ನ ಆಸುಪಾಸಿನಲ್ಲೇ ಇದೆ. ಕಷ್ಟವೆಲ್ಲ ಅಂತರಕ್ಕೆ ಸರಿದಿದೆ. ಸ್ಪರ್ಧೆಗೆ ಮುನ್ನ ಸವಾರರು ಕಣವನ್ನು ನಡೆದು ನೋಡುವ ಹೊತ್ತನ್ನು ಗಮನಿಸಿ. ಅವರು ತಡೆಯಿಂದ ತಡೆಗೆ ಒಂದೇ ಸಮನೆ ಕಾಲು ಹಾಕುತ್ತಾ ಎಣಿಸುತ್ತಿರುತ್ತಾರೆ. ಅಭ್ಯಾಸವಾದ ಮನುಷ್ಯನ ನಾಲ್ಕು ಹೆಜ್ಜೆ ಕುದುರೆಯ ಒಂದು ದಾಪಿಗೆ ಸಮ. ಅಂದರೆ ಸುಮಾರು 3.65 ಮೀಟರ್. ಎರಡು ತಡೆಗಳ ನಡುವೆ 24 ಹೆಜ್ಜೆ ಬಂದರೆ, ಇಳಿಯಲು ಎರಡು, ಮತ್ತೆ ನೆಗೆಯಲು ಎರಡು ಕಳೆದು ಉಳಿದ ಇಪ್ಪತ್ತು ಹೆಜ್ಜೆ ಕುದುರೆಗೆ ಐದು ದಾಪು. ಕೋರ್ಸ್ ರೂಪಿಸುವವರು ಬೇಕೆಂದೇ ಅದನ್ನು ಐದಕ್ಕೆ ತುಸು ಹೆಚ್ಚು, ಆರಕ್ಕೆ ತೀರಾ ಕಡಿಮೆ ಆಗುವಂತೆ ಇಡುತ್ತಾರೆ. ಉದ್ದ ದಾಪಿನ ಕುದುರೆಯನ್ನು ಐದರಲ್ಲಿ ಬಿಡಬೇಕೋ, ಹಿಡಿದು ಆರು ಹಾಕಿಸಬೇಕೋ ಎಂಬುದನ್ನು ಆ ಕುದುರೆಯನ್ನು ಬಲ್ಲ ಸವಾರರೇ ಹೇಳಬಲ್ಲರು.

ಇದರ ಜೊತೆಗೆ ಕುದುರೆಯ ಕಣ್ಣಿನ ಮಿತಿಯೂ ಇದೆ. ಅದರ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಅದಕ್ಕೆ ಏನೂ ಕಾಣದು. ನೆಲ ಬಿಡುವ ಗಳಿಗೆಯಲ್ಲಿ ಎದುರಿನ ತಡೆ ಅದರ ನೋಟದಿಂದ ಜಾರಿರುತ್ತದೆ. ಹಿಂದಿನ ಎರಡು ಮೂರು ದಾಪಿನಲ್ಲಿ ಕಂಡದ್ದನ್ನೂ ಮೇಲೆ ಕೂತವರನ್ನೂ ನಂಬಿ ಅದು ನೆಗೆಯುತ್ತದೆ. ಹಗುರ ಪೋಲ್‌ಗಳು, ಅವುಗಳನ್ನು ಹೊತ್ತ ಆಳವಿಲ್ಲದ ಬಟ್ಟಲುಗಳು, ಭಾರ ಬಿದ್ದರೆ ಕಳಚಿಕೊಳ್ಳುವ ಸುರಕ್ಷಾ ಬಟ್ಟಲುಗಳು ಬಂದದ್ದರಿಂದ ತಪ್ಪು ನೆಗೆತಕ್ಕೆ ಅಂಕದ ಬೆಲೆ ಕಟ್ಟಿದರೂ ಕುದುರೆ ಬೀಳುವ ಅಪಾಯ ಇಳಿದಿದೆ.

ಕುದುರೆ ಬೇಡವೆಂದಾಗ

ತಡೆಯ ಮುಂದೆ ಕುದುರೆ ನಿಂತುಬಿಡಬಹುದು. ಈ ನಿರಾಕರಣೆಗೆ ನಿಯಮ ಪುಸ್ತಕ ಕೊಡುತ್ತಾ ಬಂದ ಬೆಲೆಯಲ್ಲೇ ಕ್ರೀಡೆಯ ಮನಸ್ಸು ಓದಬಹುದು. ಹಿಂದೆ ಮೊದಲ ನಿರಾಕರಣೆಗೆ ಮೂರು ತಪ್ಪಂಕ, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಹೊರಕ್ಕೆ. ಈಗ ಮೊದಲನೆಯದಕ್ಕೆ ನಾಲ್ಕು, ಎರಡನೆಯದಕ್ಕೇ ಆಟ ಮುಗಿಯಿತು.

ಬ್ರೆಜಿಲ್‌ನ ರೊಡ್ರಿಗೊ ಪೆಸ್ಸೊವಾ ಮತ್ತು ಬಲೂಬೆ ದು ರೂಯೆ 1998ರಿಂದ 2000ದವರೆಗೆ ಸತತ ಮೂರು ವಿಶ್ವಕಪ್ ಫೈನಲ್ ಗೆದ್ದ ಜೋಡಿ. ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, ಚಿನ್ನ ಕೈಗೆಟುಕುವ ಹೊತ್ತಿನಲ್ಲಿ, ಬಲೂಬೆ ಮೂರು ಬಾರಿ ನಿಂತಿತು. ಪೆಸ್ಸೊವಾ ಆ ಕುದುರೆಯನ್ನು ಬಿಡಲಿಲ್ಲ. 2004ರಲ್ಲಿ ಅಥೆನ್ಸ್‌ನಲ್ಲಿ ಅದರ ಮೇಲೆಯೇ ಬೆಳ್ಳಿ ಗೆದ್ದರು. ಮೊದಲ ಸ್ಥಾನದ ಕುದುರೆಯ ಮದ್ದು ಪರೀಕ್ಷೆಯಲ್ಲಿ ದೋಷ ಕಂಡು, ಮುಂದೆ ಅದು ಚಿನ್ನವಾಯಿತು.

ಕುದುರೆಯ ಮಾತು ಕೇಳದೆ ಹೋದ ಕಡೆ ಕ್ರೀಡೆ ಬೆಲೆ ತೆತ್ತಿದೆ. 2008ರ ಒಲಿಂಪಿಕ್ಸ್‌ನಲ್ಲಿ ಕೆಲವು ಕುದುರೆಗಳ ದೇಹದಲ್ಲಿ ಕ್ಯಾಪ್ಸೈಸಿನ್ ಪತ್ತೆಯಾಯಿತು. ಮೆಣಸಿನಕಾಯಿಗೆ ಖಾರ ಕೊಡುವ ವಸ್ತು ಅದು. ನೋವಿನ ಲೇಪವಾಗಿ ಬಳಸುವುದುಂಟು. ಕಾಲಿಗೆ ಹಚ್ಚಿದರೆ ಚರ್ಮ ಉರಿದು, ಪೋಲ್ ತಗುಲುವ ಭಯಕ್ಕೆ ಕುದುರೆ ಕಾಲನ್ನು ಇನ್ನೂ ಮೇಲೆತ್ತುತ್ತದೆ. ನಾರ್ವೆ ತಂಡದ ಕಂಚು ಹೋಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಕುದುರೆ ನೆಗೆತವೂ ಸೇರಿದ್ದ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಆದದ್ದು ಇನ್ನೂ ಕಠೋರ. ಅಲ್ಲಿ ಚೀಟಿ ಎತ್ತಿ ಕೊಟ್ಟ ಅಪರಿಚಿತ ಕುದುರೆಯ ಜೊತೆ ಪರಿಚಯಕ್ಕೆ ಸಿಗುತ್ತಿದ್ದುದು ಇಪ್ಪತ್ತು ನಿಮಿಷ. ಮುನ್ನಡೆಯಲ್ಲಿದ್ದ ಜರ್ಮನಿಯ ಸ್ಪರ್ಧಿಗೆ ಬಂದ ಸೇಂಟ್ ಬಾಯ್ ಎಂಬ ಕುದುರೆ ಹಾರಲು ಒಪ್ಪಲಿಲ್ಲ. ಅಳುತ್ತಾ ಚಾಟಿ ಬೀಸಿದ ಸವಾರಿಣಿಯನ್ನೂ ಬೆದರಿದ ಕುದುರೆಯನ್ನೂ ಜಗತ್ತೆಲ್ಲ ನೋಡಿತು. 2024ರ ನಂತರ ಆ ಕ್ರೀಡೆಯಿಂದ ಕುದುರೆ ಸವಾರಿಯೇ ಹೊರಹೋಯಿತು. ಜೋಡಿ ಇಲ್ಲದ ಕಡೆ ನೆಗೆತವೂ ಇರಬಾರದೆಂಬ ಪಾಠವನ್ನು ಶೋ ಜಂಪಿಂಗ್ ಕೂಡ ತನ್ನದೆಂದೇ ಓದಿಕೊಳ್ಳಬೇಕು.

ಅದೇ ಟೋಕಿಯೊದಲ್ಲಿ ಭರವಸೆಯ ಉತ್ತರವೂ ಸಿಕ್ಕಿತು. ತಂಡದ ಚಿನ್ನ ಗೆದ್ದ ಸ್ವೀಡನ್ನಿನ ಕುದುರೆಗಳ ಪೈಕಿ ಆಲ್ ಇನ್ ಮತ್ತು ಕಿಂಗ್ ಎಡ್ವರ್ಡ್ ಲಾಳವಿಲ್ಲದ ಬರಿಗೊರಸಿನಲ್ಲಿ ಓಡಿದವು. ಗೊರಸನ್ನು ಅದರ ಪಾಡಿಗೆ ಬಿಟ್ಟರೂ ತುದಿಯ ಮಟ್ಟದಲ್ಲಿ ಗೆಲ್ಲಬಹುದೆಂದು ತೋರಿಸಿದ್ದು ಸಣ್ಣ ಮಾತಲ್ಲ.

ನಮ್ಮ ನೆಲದಲ್ಲಿ

ಕನ್ನಡಿಗರಿಗೆ ಕುದುರೆ ಕ್ರೀಡೆಯೆಂದರೆ ಮೊದಲು ನೆನಪಾಗುವುದು ಮೈಸೂರು, ಬೆಂಗಳೂರಿನ ರೇಸು. ಅಲ್ಲಿ ಜಾಕಿಯೊಬ್ಬ ಒಂದೇ ಮಧ್ಯಾಹ್ನ ಹಲವು ಕುದುರೆಗಳನ್ನು ಬದಲಿಸುತ್ತಾನೆ. ವರ್ಷಗಟ್ಟಲೆ ಒಂದೇ ಕುದುರೆಯೊಡನೆ ಬೆಳೆಯುವ ಬಗೆಯನ್ನು ನಮಗೆ ಕಾಣಿಸಿದವರು ಬೆಂಗಳೂರಿನ ಫವಾದ್ ಮಿರ್ಜಾ. ಅವರದು ಇವೆಂಟಿಂಗ್: ಡ್ರೆಸಾಜ್, ಕ್ರಾಸ್ ಕಂಟ್ರಿಗಳ ಜೊತೆ ಶೋ ಜಂಪಿಂಗ್ ಕೂಡ ಸೇರಿದ ಸ್ಪರ್ಧೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಸಿನ್ಯೋರ್ ಮೆಡಿಕಾಟ್ ಮೇಲೆ ಅವರು ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ದೆಹಲಿ ಕೂಟದ ನಂತರ ಭಾರತಕ್ಕೆ ಸವಾರಿಯಲ್ಲಿ ಬಂದ ಮೊದಲ ವೈಯಕ್ತಿಕ ಪದಕ ಅದು. ಅದೇ ಕುದುರೆಯೊಡನೆ ಟೋಕಿಯೊಗೆ ಹೋಗಿ, ಕೊನೆಯ ಜಂಪಿಂಗ್ ಸುತ್ತಿನವರೆಗೆ ಉಳಿದು 23ನೆಯ ಸ್ಥಾನ ಪಡೆದರು. ಇದು ದುಬಾರಿ ಆಟ, ನಿಜ. ಆದರೂ ಅವರ ಸುತ್ತುಗಳನ್ನು ನೋಡಿ ಸವಾರಿ ಶಾಲೆಯ ಬಾಗಿಲು ತಟ್ಟುವ ಮಕ್ಕಳಿಗೆ ಕಲಿಸಬೇಕಾದ ಮೊದಲ ವಿದ್ಯೆ ಎತ್ತರದ್ದಲ್ಲ, ತಾಳ್ಮೆಯದು.

ಕುದುರೆಯನ್ನು ಕ್ರೀಡೆಗೆ ಬಳಸುವುದೇ ತಪ್ಪಲ್ಲವೇ ಎಂಬ ಪ್ರಶ್ನೆ ಈಗ ಜೋರಾಗಿ ಕೇಳಿಬರುತ್ತಿದೆ. ಆ ಪ್ರಶ್ನೆಗೆ ಪದಕಗಳಿಂದ ಉತ್ತರ ಕೊಡಲಾಗದು. ಕಾಪ್ರಿಲ್ಲಿಯ ಕಾಲದಿಂದ ಈ ಕ್ರೀಡೆ ಮುಂದೆ ಸಾಗಿದ್ದೆಲ್ಲ ಕುದುರೆಗೆ ಸುಖವಾದದ್ದನ್ನು ಮನುಷ್ಯ ಒಪ್ಪಿಕೊಂಡಾಗಲೇ. ನೋಡುವ ನಾವೂ ಆ ಕಣ್ಣನ್ನು ಬೆಳೆಸಿಕೊಳ್ಳಬೇಕು. ಕಿವಿ ಮುಂದಿಟ್ಟು, ಸಡಿಲ ಲಗಾಮಿನಲ್ಲಿ, ತಾನಾಗಿ ತಡೆಯತ್ತ ಸಾಗುವ ಕುದುರೆಗೆ ಒಂದು ಪೋಲ್ ಬಿದ್ದರೂ ಚಪ್ಪಾಳೆ ತಟ್ಟೋಣ. ಬಾಯಿ ಜಗ್ಗಿಸಿಕೊಂಡು, ಬಾಲ ಬೀಸುತ್ತಾ ಒಂದೂ ಬೀಳಿಸದೆ ಮುಗಿಸಿದ ಸುತ್ತಿಗೆ ಕೈ ತಡೆಯೋಣ. ಪ್ರೇಕ್ಷಕರು ಯಾವುದನ್ನು ಮೆಚ್ಚುತ್ತಾರೋ ಸವಾರರು ಅದನ್ನೇ ಕಲಿಯುತ್ತಾರೆ.