ಸಕ್ಕರ್ ಮೀನು ಸಾಕಣೆ
ಸಕ್ಕರ್ ದಕ್ಷಿಣ ಅಮೆರಿಕ ಮೂಲದ, ಲೊರಿಕಾರಿಡೇ ಕುಟುಂಬದ ಮೀನು. ಅಕ್ವೇರಿಯಂ ಅಂಗಡಿಗಳಲ್ಲಿ ‘ಟ್ಯಾಂಕ್ ಕ್ಲೀನರ್’ ಎಂದು ಮಾರುತ್ತಾರೆ. ಗಾಜಿಗೆ ಬಾಯಿ ಅಂಟಿಸಿ ಪಾಚಿ ಕೆರೆದು ತಿನ್ನುವುದು ನಿಜ, ಆದರೆ ಅದು ಹಾಕುವ ಹಿಕ್ಕೆಯೂ ಬಹಳ. ಈ ಕುಟುಂಬದ ಟೆರಿಗೋಪ್ಲಿಕ್ತಿಸ್ ಎಂಬ ಕುಲದ ಬೆರಳುದ್ದದ ಮರಿ 40 ಸೆಂ.ಮೀ. ದಾಟಿ ಬೆಳೆಯಬಲ್ಲದು, ಆಗ 400 ಲೀಟರಿಗೂ ಹೆಚ್ಚು ನೀರು, ಬಲವಾದ ಫಿಲ್ಟರ್, ಅಡಗಲು ಮರದ ತುಂಡು, ಸೌತೆಕಾಯಿಯಂಥ ಆಹಾರ ಬೇಕು. ಸಾಕಲಾಗದೆ ಹೊರಗೆ ಬಿಡುವುದೇ ದೊಡ್ಡ ಅಪಾಯ. ಜಠರದ ಮೂಲಕ ಗಾಳಿಯನ್ನೂ ಉಸಿರಾಡಬಲ್ಲ ಈ ಮೀನು ಕೊಳೆನೀರಲ್ಲೂ ಬದುಕುತ್ತದೆ, ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಬೆಂಗಳೂರಿನ ಕೆರೆಗಳನ್ನು ಈಗಾಗಲೇ ಸೇರಿದೆ. ಮಲೆನಾಡಿನಲ್ಲೂ ಹೀಗಾಗದಂತೆ, ಶೃಂಗೇರಿ ಮಠದೆದುರು ದೇವರ ಮೀನುಗಳಿರುವ ತುಂಗೆಗಾಗಲಿ, ನರಸಿಂಹರಾಜಪುರದ ಭದ್ರಾ ಹಿನ್ನೀರಿಗಾಗಲಿ, ಕೊಪ್ಪದ ತೋಟದ ಕೆರೆಗಳಿಗಾಗಲಿ ಇಂಥ ಒಂದು ಮೀನನ್ನೂ ಬಿಡಕೂಡದು. ಬೇಡವಾದರೆ ಅಂಗಡಿಗೆ ಮರಳಿಸಬೇಕು, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು.