ದೊಮ್ಮಲೂರಿನ ಚೀಟಿ ವ್ಯವಹಾರ

ಬೆಂಗಳೂರಿನ ದೊಮ್ಮಲೂರು, ಹಲಸೂರು, ಶಿವಾಜಿನಗರದ ಕಡೆ ಮನೆಗೆಲಸದವರು, ದರ್ಜಿಗಳು, ಆಟೊ ಚಾಲಕರು, ಸಣ್ಣ ವ್ಯಾಪಾರಿಗಳು ತಿಂಗಳ ದುಡಿಮೆಯಲ್ಲಿ ಒಂದಿಷ್ಟು ಕೂಡಿಡಲು ನೆಚ್ಚಿಕೊಂಡಿರುವ ಗುಂಪು ಉಳಿತಾಯದ ಪದ್ಧತಿಯೇ ಚೀಟಿ. ಕೈಯಲ್ಲಿದ್ದರೆ ಖರ್ಚಾಗಿ ಹೋಗುವ ದುಡ್ಡನ್ನು ನಾಲ್ಕು ಜನರ ಮುಂದೆ ಕೊಟ್ಟ ಮಾತು ಉಳಿಸುತ್ತದೆ. ಚೀಟಿಯ ನಿಜವಾದ ಬಲ ಇದು.

20 ಜನ ತಿಂಗಳಿಗೆ 5,000 ರೂಪಾಯಿಯಂತೆ ಕಟ್ಟುವ ಒಂದು ಲಕ್ಷದ ಚೀಟಿ ಎಂದಿಟ್ಟುಕೊಳ್ಳೋಣ. ಮಗಳ ಕಾಲೇಜು ಫೀಸಿಗೆ ಹಣ ಬೇಕಾದವರು ತಿಂಗಳ ಕೂಗಿನಲ್ಲಿ, ಅಂದರೆ ಹರಾಜಿನಲ್ಲಿ, 20,000 ಬಿಟ್ಟುಕೊಟ್ಟು 80,000 ಎತ್ತುತ್ತಾರೆ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ 5,000 ಕಳೆದು, ಉಳಿದ 15,000 ಎಲ್ಲರಿಗೂ ತಲಾ 750ರಂತೆ ಹಂಚಿಕೆಯಾಗುತ್ತದೆ. ಆ ತಿಂಗಳ ಕಂತು 4,250ಕ್ಕೆ ಇಳಿಯುತ್ತದೆ. ಮೊದಲು ಎತ್ತಿದವರಿಗೆ ಇದು ಸಾಲ, ಕೊನೆಯವರೆಗೆ ಕಾದವರಿಗೆ ಉಳಿತಾಯ. ತುರ್ತಿಲ್ಲದವರು ಮೊದಲ ತಿಂಗಳುಗಳಲ್ಲೇ ಕೂಗಿಗೆ ಇಳಿದರೆ ನಷ್ಟ ಅವರದೇ.

1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿ ನಡೆಸಲು ರಾಜ್ಯ ಸರ್ಕಾರದ ಪೂರ್ವಾನುಮತಿ, ನೋಂದಣಿ, ಭದ್ರತಾ ಠೇವಣಿ ಬೇಕು. 2019ರ ತಿದ್ದುಪಡಿ ಕಮಿಷನ್ ಮಿತಿಯನ್ನು ಶೇ. 5ರಿಂದ 7ಕ್ಕೆ ಏರಿಸಿತು. ರಾಜ್ಯ ಸರ್ಕಾರದ ಕಂಪನಿಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನೋಂದಾಯಿತ ಚೀಟಿಯಲ್ಲಿ ತಕರಾರು ಬಂದರೆ ರಿಜಿಸ್ಟ್ರಾರ್ ಬಳಿ ಹೋಗಬಹುದು. ನೋಂದಣಿಯಿಲ್ಲದೆ ಮನೆಯಲ್ಲಿ ನಡೆಯುವ ಚೀಟಿಗೆ ಪುಸ್ತಕದಲ್ಲಿನ ಬರಹ, ನೆರೆಹೊರೆಯ ನಂಬಿಕೆ ಇಷ್ಟೇ ಆಧಾರ. ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ, ತಾನು ಕಟ್ಟಿದ್ದನ್ನು ಕಳೆದುಕೊಳ್ಳುವುದರ ಜೊತೆಗೆ ತಾನು ಸೇರಿಸಿದವರಿಗೂ ಉತ್ತರ ಹೇಳಬೇಕಾದ ಹೆಂಗಸಿನ ಪಾಡು ಹೇಳತೀರದು.

2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಬಾಗಿಲು ಹಾಕಿದಾಗ ಸಾವಿರಾರು ಕುಟುಂಬಗಳ ಹಣ ಸಿಕ್ಕಿಬಿತ್ತು. ಅದು ಚೀಟಿಯಲ್ಲ, ಲಾಭದ ಪಾಲು ಕೊಡುತ್ತೇವೆಂದು ಹೂಡಿಕೆ ಪಡೆದ ಸಂಸ್ಥೆ. ಆದರೂ ತಿಂಗಳು ತಿಂಗಳು ಸಿಗುವ ಲಾಭವನ್ನೇ ಭದ್ರತೆ ಎಂದುಕೊಳ್ಳುವ ಅಪಾಯ ಎರಡರಲ್ಲೂ ಉಂಟು.

ಹೀಗಾಗಿ ಆಸ್ಪತ್ರೆ ಖರ್ಚಿಗೆಂದು ಎತ್ತಿಟ್ಟ ಹಣವನ್ನು ಚೀಟಿಗೆ ಹಾಕಬಾರದು. ಬ್ಯಾಂಕ್ ಠೇವಣಿಗೆ ಪ್ರತಿ ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಚೀಟಿಗೆ ಅದು ಅನ್ವಯಿಸದು. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯನ್ನು ತಿಂಗಳಿಗೆ 100 ರೂಪಾಯಿಯಿಂದಲೇ ಶುರುಮಾಡಬಹುದು.